ಹೆಜ್ಜೆ ಕೇಳಿ ಇಡಬೇಕಾದ ನಾಡು

ಪರದೇಶದ ಪ್ರವಾಸದಲ್ಲಿ ಮಾರ್ಗದರ್ಶಕನೆಂಬವನು ಯಾತ್ರಿಕರಿಗೆ ಅಷ್ಟೇನೂ ಪ್ರಿಯನಾದ ವ್ಯಕ್ತಿಯಲ್ಲ. ಕೈಯಲ್ಲಿ ಬಣ್ಣದ ಕೊಡೆಯನ್ನೋ ಪುಟ್ಟ ಬಾವುಟವನ್ನೋ ಎತ್ತಿ ಹಿಡಿದು, ಬಾಯಿಪಾಠ ಮಾಡಿದ ಇಸವಿಗಳನ್ನು ಒಪ್ಪಿಸಿ, ಕೊನೆಗೆ ತನ್ನ ಪರಿಚಯದವರ ಅಂಗಡಿಯ ಮುಂದೆ ತಂದು ನಿಲ್ಲಿಸುವವನು ಎಂಬ ಅಪಖ್ಯಾತಿ ಅವನಿಗುಂಟು. ಅವನ ಕಣ್ಣು ತಪ್ಪಿಸಿ ಸ್ವೇಚ್ಛೆಯಾಗಿ ಅಲೆಯುವುದರಲ್ಲಿಯೇ ಪ್ರವಾಸದ ಸುಖವಿದೆಯೆಂದು ನಂಬಿದವರು ಬಹಳ. ಈ ನಂಬಿಕೆ ಬೇರೆಲ್ಲಿಯಾದರೂ ಸಲ್ಲಲಿ, ಲಾವೋಸಿನಲ್ಲಿ ಮಾತ್ರ ಸಲ್ಲದು. ಅಲ್ಲಿ ಮಾರ್ಗದರ್ಶಕನ ಮೊದಲ ಕೆಲಸ ಕತೆ ಹೇಳುವುದಲ್ಲ; ಕಾಲನ್ನು ಎಲ್ಲಿ ಇಡಬೇಕು, ಎಲ್ಲಿ ಇಡಬಾರದು ಎಂದು ತೋರಿಸುವುದು.

ಚೀನ, ಮಯನ್ಮಾರ್, ಥಾಯ್ಲೆಂಡ್, ಕಾಂಬೋಡಿಯ, ವಿಯೆಟ್ನಾಂ ಎಂಬ ಐದು ನೆರೆಹೊರೆಯವರ ನಡುವೆ ಸಿಕ್ಕಿಕೊಂಡಿರುವ ಈ ನಾಡಿಗೆ ಕಡಲಿನ ಮುಖವೇ ಇಲ್ಲ. ಕಡಲಿನ ಕೊರತೆಯನ್ನು ಮೆಕಾಂಗ್ ನದಿ ತುಂಬಿಕೊಟ್ಟಿದೆ. 1353ರಲ್ಲಿ ಫಾ ನ್ಗುಮ್ ಎಂಬ ದೊರೆ ಇಲ್ಲಿ ಕಟ್ಟಿದ ರಾಜ್ಯಕ್ಕೆ ಲಾನ್ ಸಾಂಗ್ ಎಂದು ಹೆಸರು. ಹತ್ತು ಲಕ್ಷ ಆನೆಗಳ ನಾಡು ಎಂದು ಅದರ ಅರ್ಥ. ಹೆಸರಿಡುವಾಗ ಲೆಕ್ಕ ಹಿಡಿದು ಎಣಿಸಿದವರು ಯಾರೂ ಇರಲಾರರು. ಇಂದು ಕಾಡಿನವೂ ಸಾಕಿದವೂ ಸೇರಿ ಆನೆಗಳು ಸಾವಿರದೊಳಗೇ ಉಳಿದಿವೆಯೆಂದು ಅಂದಾಜು.

ರಾಜಧಾನಿ ವಿಯೆಂಟಿಯಾನನ್ನು ಕೊನೆಗಿರಿಸಿಕೊಂಡು ಮೊದಲು ಉತ್ತರದ ಲುವಾಂಗ್ ಪ್ರಬಾಂಗಿಗೆ ಹೋಗುವುದೇ ಲೇಸು. ಹಿಂದೆ ಬೆಟ್ಟದ ತಿರುವುಗಳಲ್ಲಿ ಇಡೀ ದಿನ ಹಿಡಿಯುತ್ತಿದ್ದ ಹಾದಿಯನ್ನು, 2021ರ ಡಿಸೆಂಬರಿನಲ್ಲಿ ಆರಂಭವಾದ ರೈಲು ಸುಮಾರು ಎರಡು ಗಂಟೆಗಳಲ್ಲಿ ಮುಗಿಸಿಬಿಡುತ್ತದೆ. ಮೆಕಾಂಗ್ ನದಿಗೆ ನಾಮ್ ಖಾನ್ ಎಂಬ ಉಪನದಿ ಬಂದು ಸೇರುವ ಮೂಲೆಯಲ್ಲಿ ಊರು ಇದೆ. ಅದು ನಮ್ಮಲ್ಲಿದ್ದಿದ್ದರೆ ಕೂಡಲಿಯೆಂದೇ ಹೆಸರಾಗುತ್ತಿತ್ತು. ಮೂವತ್ತಕ್ಕೂ ಮೀರಿದ ವಿಹಾರಗಳು, ಫ್ರೆಂಚರ ಕಾಲದ ಮಹಡಿ ಮನೆಗಳು, ನಡುವೆ ಪುಟ್ಟದೊಂದು ಗುಡ್ಡ: ಇಷ್ಟರ ಊರನ್ನು ಯುನೆಸ್ಕೊ 1995ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಊರಿನ ದಿನ ಭಿಕ್ಷೆಯಿಂದ ಆರಂಭವಾಗುತ್ತದೆ. ಪೂರ್ವದಲ್ಲಿ ಬೆಳಕು ಮೂಡುವ ಹೊತ್ತಿಗೆ ವಿಹಾರಗಳ ಬಾಗಿಲು ತೆರೆದು, ಕಾವಿಯುಟ್ಟ ಭಿಕ್ಷುಗಳು ಹಿರಿಯರು ಮುಂದೆ, ಎಳೆಯರು ಹಿಂದೆ, ಬರಿಗಾಲಿನಲ್ಲಿ ಸಾಲುಗೊಂಡು ಹೊರಡುತ್ತಾರೆ. ಬೀದಿಯ ಅಂಚಿನಲ್ಲಿ ಚಾಪೆ ಹಾಸಿ ಮಂಡಿಯೂರಿ ಕುಳಿತ ಸ್ತ್ರೀಯರು ಬಿದಿರಿನ ಕುಕ್ಕೆಯಿಂದ ಅಂಟಕ್ಕಿಯ ಅನ್ನದ ತುತ್ತನ್ನು ತೆಗೆದು, ಒಬ್ಬೊಬ್ಬರ ಪಾತ್ರೆಗೂ ಹಾಕುತ್ತಾರೆ. ಇದಕ್ಕೆ ‘ತಕ್ ಬಾತ್’ ಎಂದು ಹೆಸರು. ಬಾತ್ ಎಂದೊಡನೆ ಕನ್ನಡಿಗರ ಬಾಯಲ್ಲಿ ನೀರೂರಿದರೆ ಆಶ್ಚರ್ಯವಿಲ್ಲ. ಆದರೆ ಅದು ವಾಂಗಿಬಾತಿನ ಬಳಗದ್ದಲ್ಲ, ಸಂಸ್ಕೃತದ ‘ಪಾತ್ರ’ವೇ ಲಾವೋ ನಾಲಿಗೆಯಲ್ಲಿ ಸವೆದು ಹಾಗಾಗಿದೆ. ಕೊಡುವವರೂ ಮಾತನಾಡುವುದಿಲ್ಲ, ಪಡೆಯುವವರೂ ಮಾತನಾಡುವುದಿಲ್ಲ. ಸಾಲಿನ ಕೊನೆಯಲ್ಲಿ ಬಡಮಕ್ಕಳು ತಮ್ಮ ಬುಟ್ಟಿಗಳನ್ನಿಟ್ಟುಕೊಂಡು ಕುಳಿತಿರುವುದುಂಟು. ಭಿಕ್ಷುಗಳು ತಮಗೆ ಬಂದುದರಲ್ಲಿ ಒಂದು ಪಾಲನ್ನು ಆ ಬುಟ್ಟಿಗಳಿಗೆ ಹಾಕಿ ಮುಂದೆ ನಡೆಯುತ್ತಾರೆ.

ನೋಡಲು ಇಷ್ಟು ಸೊಗಸಾದುದು ನೋಡುವವರಿಂದಲೇ ಕೆಡುವ ಅಪಾಯವೂ ಇಲ್ಲಿದೆ. ಮುಖ್ಯ ಬೀದಿಯಲ್ಲಿ ಕೆಲವು ದಿನ ಭಿಕ್ಷೆ ನೀಡುವವರಿಗಿಂತ ಚಿತ್ರ ತೆಗೆಯುವವರೇ ಹೆಚ್ಚು. ಹದಿನಾಲ್ಕು ಹದಿನೈದರ ಹುಡುಗಭಿಕ್ಷುವಿನ ಮುಖದ ಮೇಲೆ ಕ್ಯಾಮರಾದ ಬೆಳಕು ಮಿಂಚುತ್ತದೆ. ಸಾಲಿನೊಳಕ್ಕೆ ನುಗ್ಗಿ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವವರೂ ಇಲ್ಲದಿಲ್ಲ. ಅಲ್ಲಿಯೇ ಮಾರುವ ಅನ್ನವನ್ನು ಕೊಂಡು, ಮೈ ತುಂಬ ಬಟ್ಟೆಯೂ ಇಲ್ಲದೆ ದಾನಕ್ಕೆ ಕೂರುವವರನ್ನು ಕಂಡರೆ ಅದು ಪೂಜೆಯೋ ಪ್ರದರ್ಶನವೋ ತಿಳಿಯದು. ವಿಹಾರಗಳ ಗೋಡೆಯ ಮೇಲೆ ಸಭ್ಯ ವರ್ತನೆಯ ಸೂಚನೆಗಳನ್ನು ಅಂಟಿಸಿದ್ದಾರೆ. ಆದರೆ ಗೋಡೆಯ ಸೂಚನೆಯನ್ನು ಓದುವವರೆಷ್ಟು ಮಂದಿ? ಇಲ್ಲಿ ಒಳ್ಳೆಯ ಮಾರ್ಗದರ್ಶಕನ ಬೆಲೆ ತಿಳಿಯುತ್ತದೆ. ಹಿಂದಿನ ರಾತ್ರಿಯೇ ಅವನು ತನ್ನ ತಂಡವನ್ನು ಕೂರಿಸಿಕೊಂಡು ಹೇಳಿಬಿಡುತ್ತಾನೆ: ಬೀದಿಯ ಆಚೆ ಬದಿಯಲ್ಲೇ ನಿಲ್ಲಬೇಕು, ಭುಜ, ಮಂಡಿ ಮುಚ್ಚಿರಬೇಕು, ದಾನ ಕೊಡುವ ಮನಸ್ಸಿದ್ದರೆ ಚಪ್ಪಲಿ ಬಿಟ್ಟು, ಭಿಕ್ಷುವಿಗಿಂತ ತಲೆ ತಗ್ಗಿಸಿ ಕೂರಬೇಕು, ಮನಸ್ಸಿಲ್ಲದಿದ್ದರೆ ಸುಮ್ಮನೆ ನೋಡಿದರೂ ಯಾರೂ ಬೇಸರಿಸರು. ಸ್ತ್ರೀಯರು ಭಿಕ್ಷುಗಳನ್ನು ಮುಟ್ಟಕೂಡದೆಂಬುದನ್ನೂ ಅವನು ಮರೆಯದೆ ಸೇರಿಸುತ್ತಾನೆ. ಇಷ್ಟು ಕೇಳಿದವರಿಗೆ ಮರುದಿನ ಕಾಣುವ ದೃಶ್ಯವೇ ಬೇರೆ.

ವಿಹಾರಗಳಲ್ಲಿ ಸಿಯೆಂಗ್ ಥಾಂಗ್ ಎಂಬುದು ಕಿರೀಟದಂತಿದೆ. ಸೆತ್ತಾತಿರಾತ್ ದೊರೆ 1560ರ ಸುಮಾರಿಗೆ ಕಟ್ಟಿಸಿದ ಅದರ ಮಾಡು, ಮರಿಗಳ ಮೇಲೆ ರೆಕ್ಕೆ ಹರಡಿದ ಹಕ್ಕಿಯಂತೆ, ಹಂತಹಂತವಾಗಿ ಇಳಿದು ನೆಲವನ್ನು ಮುಟ್ಟುವಂತೆ ಬಾಗಿದೆ. ಹಿಂದಿನ ಗೋಡೆಯಲ್ಲಿ ಬಣ್ಣದ ಗಾಜಿನ ಚೂರುಗಳಿಂದ ಮೂಡಿದ ಒಂದು ಮಹಾವೃಕ್ಷ. ಅದೇ ಆವರಣದಲ್ಲಿ ರಾಜರ ಅಂತ್ಯಯಾತ್ರೆಯ ರಥವಿರುವ ಮಂಟಪದ ಮೇಲೆ ರಾಮಾಯಣದ ಕೆತ್ತನೆಗಳು ಹೊನ್ನಿನ ಲೇಪದಲ್ಲಿ ಹೊಳೆಯುತ್ತವೆ. ಲಾವೋ ಜನರ ರಾಮಾಯಣದ ಹೆಸರು ‘ಫ್ರಾ ಲಾಕ್ ಫ್ರಾ ಲಾಮ್’. ಎಂದರೆ ಲಕ್ಷ್ಮಣನ ಹೆಸರು ಮೊದಲು, ರಾಮನದು ಆಮೇಲೆ! ಅಣ್ಣನ ಹಿಂದೆ ಕಾಡಿಗೆ ಹೋದವನಿಗೆ ಇಲ್ಲಿಯಾದರೂ ಮುಂದಿನ ಪೀಠ ದೊರೆಯಿತಲ್ಲ! ಕತೆ ನಡೆಯುವುದು ಮೆಕಾಂಗ್ ನದಿಯ ದಂಡೆಯಲ್ಲಿ. ರಾಮನೂ ಇಲ್ಲಿ ಬುದ್ಧನ ಪೂರ್ವಜನ್ಮಗಳಲ್ಲೊಬ್ಬ. ಇಲ್ಲಿಯ ರಾಜಪೀಠ 1975ರ ಡಿಸೆಂಬರಿನಲ್ಲಿ ಅಳಿಯಿತು. 1904ರಲ್ಲಿ ಆರಂಭವಾದ ಅರಮನೆ ಈಗ ವಸ್ತುಸಂಗ್ರಹಾಲಯ.

ಊರಿನಿಂದ ಮೂವತ್ತು ಕಿಲೋಮೀಟರಿನೊಳಗೆ ಕುವಾಂಗ್ ಸೀ ಜಲಪಾತವಿದೆ. ನೀರಿನಲ್ಲಿ ಕರಗಿದ ಸುಣ್ಣದ ಅಂಶ ಕಟ್ಟಿಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಕೊಳಗಳಾಗಿವೆ. ಆ ಸುಣ್ಣದಿಂದಲೇ ನೀರಿಗೆ ನವಿಲುಗೊರಳಿನಂಥ ಬಣ್ಣ. ದಾರಿಯಲ್ಲಿಯೇ, ಬೇಟೆಗಾರರ ಕೈಯಿಂದಲೂ ಪಂಜರಗಳಿಂದಲೂ ಬಿಡಿಸಿ ತಂದ ಕಪ್ಪು ಕರಡಿಗಳ ಆಶ್ರಯಧಾಮ. ಮಳೆಗಾಲದಲ್ಲಿ ಕೊಳ ಕಲಕಿರುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಹೋದವರು ಪುಣ್ಯವಂತರು.

ಇನ್ನೂ ಉತ್ತರಕ್ಕೆ, ಚೀನದ ಗಡಿಯ ಲುವಾಂಗ್ ನಾಮ್‌ಥಾದಲ್ಲಿ ನಾಮ್ ಹಾ ಎಂಬ ರಕ್ಷಿತಾರಣ್ಯವಿದೆ. 1999ರಲ್ಲಿ ಯುನೆಸ್ಕೊ ನೆರವಿನಿಂದ ಅಲ್ಲಿ ಹೊಸದೊಂದು ಏರ್ಪಾಡು ಆರಂಭವಾಯಿತು: ಕಾಡು ನೋಡಲು ಬರುವವರನ್ನು ಕಾಡಿನೂರಿನವರೇ ಕರೆದೊಯ್ಯಬೇಕು, ಬಂದ ಹಣದಲ್ಲಿ ಆ ಊರಿಗೂ ಪಾಲು ಸಲ್ಲಬೇಕು. ಖಮು, ಅಖಾ ಮುಂತಾದ ಜನಾಂಗಗಳ ಹಳ್ಳಿಗಳು ಆ ಹಾದಿಯಲ್ಲಿವೆ. ಅಖಾ ಹಳ್ಳಿಯ ಹೊರಗೆ ಮರದ ಕಂಬಗಳ ಹೆಬ್ಬಾಗಿಲೊಂದಿರುತ್ತದೆ. ಅದು ಮನುಷ್ಯರ ಲೋಕಕ್ಕೂ ಭೂತಪ್ರೇತಗಳ ಲೋಕಕ್ಕೂ ನಡುವಣ ಗಡಿ, ಹೊರಗಿನವರು ಅದನ್ನು ಮುಟ್ಟುವಂತಿಲ್ಲ. ಅರಿಯದವನ ಕಣ್ಣಿಗೆ ಅದು ಒರಗಿ ನಿಂತು ಚಿತ್ರ ತೆಗೆಸಿಕೊಳ್ಳಲು ಹೇಳಿಮಾಡಿಸಿದ ಕಂಬ! ಜತೆಯ ಸ್ಥಳೀಯನು ಮೆಲ್ಲನೆ ಕೈ ಹಿಡಿದೆಳೆದು ಬಳಸಿನ ದಾರಿಯಲ್ಲಿ ಕರೆದೊಯ್ಯುತ್ತಾನೆ.

ಲಾವೋ ಮನೆಯೊಳಗೆ ಕಾಲಿಡುವ ಮುನ್ನ ಪಾದರಕ್ಷೆ ಹೊರಗೆ. ಕುಳಿತಾಗ ಅಂಗಾಲು ಯಾರ ಕಡೆಗೂ ತಿರುಗಿರಬಾರದು. ಇದನ್ನು ಭಾರತೀಯರಿಗೆ ಯಾರೂ ಕಲಿಸಬೇಕಾಗಿಲ್ಲ. ಅತಿಥಿ ಬಂದಾಗ, ಮದುವೆಯಾದಾಗ, ಕಾಯಿಲೆಯಿಂದ ಎದ್ದಾಗ ಅವರು ‘ಬಾಸೀ’ ಎಂಬ ಶಾಸ್ತ್ರ ಮಾಡುತ್ತಾರೆ. ಮನುಷ್ಯನ ದೇಹದಲ್ಲಿ 32 ಜೀವಶಕ್ತಿಗಳಿದ್ದು, ಅವು ಆಗಾಗ ಮೈ ಬಿಟ್ಟು ಅಲೆಯಹೋಗುತ್ತವಂತೆ. ಅವನ್ನು ಮಂತ್ರದಿಂದ ಕರೆದು, ಮಣಿಕಟ್ಟಿಗೆ ಬಿಳಿಯ ನೂಲು ಕಟ್ಟಿ ನಿಲ್ಲಿಸುವುದೇ ಆ ಶಾಸ್ತ್ರ. ಕಂಕಣ ಕಟ್ಟಿಸಿಕೊಂಡು ಬೆಳೆದವರಿಗೆ ಅದು ಹೊಸತೆನಿಸದು. ನೂಲನ್ನು ಮೂರು ದಿನವಾದರೂ ಬಿಚ್ಚಬಾರದು.

ಲುವಾಂಗ್ ಪ್ರಬಾಂಗಿನಿಂದ ಆಗ್ನೇಯಕ್ಕೆ ಬೆಟ್ಟಗಳನ್ನು ಹತ್ತಿಳಿದು ಒಂದು ಹಗಲೆಲ್ಲ ಪ್ರಯಾಣ ಮಾಡಿದರೆ ಸಿಯೆಂಗ್ ಖುವಾಂಗ್ ಪ್ರಸ್ಥಭೂಮಿ ಸಿಕ್ಕುತ್ತದೆ. ಹುಲ್ಲು ಬೆಳೆದ ದಿಬ್ಬಗಳ ಮೇಲೆ, ಯಾರೋ ರಾಕ್ಷಸರು ಔತಣ ಮುಗಿಸಿ ತೊಳೆಯದೆ ಬಿಟ್ಟುಹೋದಂತೆ, ನೂರಾರು ಕಲ್ಲಿನ ಗುಡಾಣಗಳು. ಕೆಲವು ಮನುಷ್ಯನ ಎತ್ತರವನ್ನೂ ಮೀರಿವೆ. ಖುನ್ ಚ್ಯುಂಗ್ ಎಂಬ ವೀರನು ಯುದ್ಧ ಗೆದ್ದು, ವಿಜಯೋತ್ಸವಕ್ಕೆ ಅಕ್ಕಿಯ ಮದ್ಯ ತುಂಬಿಸಲೆಂದು ಇವನ್ನು ಮಾಡಿಸಿದನೆಂದು ಜನರ ಕತೆ. 1930ರ ದಶಕದಲ್ಲಿ ಮಾಡಲೇನ್ ಕೊಲಾನಿ ಎಂಬ ಫ್ರೆಂಚ್ ವಿದುಷಿ ಇಲ್ಲಿ ಅಗೆದು ನೋಡಿದಾಗ ಸಿಕ್ಕಿದ್ದು ಸುಟ್ಟ ಎಲುಬು, ಬೂದಿ, ಮಣಿಗಳು. ಕ್ರಿಸ್ತಪೂರ್ವ 500ರಿಂದ ಕ್ರಿಸ್ತಶಕ 500ರವರೆಗಿನ ಜನರ ಶವಸಂಸ್ಕಾರದ ನೆಲೆಗಳಿವು ಎಂಬುದು ವಿದ್ವಾಂಸರ ಅಭಿಮತ. 2019ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ 15 ನೆಲೆಗಳಲ್ಲಿಯೇ 1,325 ಗುಡಾಣಗಳಿವೆ.

ಆದರೆ ಇಲ್ಲಿ ಯಾತ್ರಿಕನ ದೃಷ್ಟಿ ಗುಡಾಣಗಳಿಗಿಂತ ಮೊದಲು ನೆಲದ ಕಡೆಗೆ ಹೋಗಬೇಕು. ಕಾಲುದಾರಿಯ ಅಂಚಿನಲ್ಲಿ ಅಂಗೈಯಗಲದ ಗುರುತುಕಲ್ಲುಗಳನ್ನು ಹೂಳಿದ್ದಾರೆ. ಅರ್ಧ ಬಿಳಿ, ಅರ್ಧ ಕೆಂಪು. ಬಿಳಿಯ ಬದಿಯಲ್ಲಿ ನೆಲದೊಳಗಿನವರೆಗೂ ಶೋಧಿಸಿ ಬಾಂಬುಗಳನ್ನು ತೆಗೆದಿದ್ದಾರೆ. ಕೆಂಪಿನ ಬದಿಯಲ್ಲಿ ಆ ಶೋಧ ನಡೆದಿಲ್ಲ. ಎರಡಕ್ಕೂ ನಡುವಣ ಅಂತರ ಒಂದು ಹೆಜ್ಜೆ.

1964ರಿಂದ 1973ರವರೆಗೆ, ಪಕ್ಕದ ವಿಯೆಟ್ನಾಮಿನ ಯುದ್ಧದ ಕಾಲದಲ್ಲಿ, ಅಮೆರಿಕದ ವಿಮಾನಗಳು ಈ ಪುಟ್ಟ ದೇಶದ ಮೇಲೆ 5,80,000 ಸಲ ದಾಳಿ ನಡೆಸಿ, ಇಪ್ಪತ್ತು ಲಕ್ಷ ಟನ್ನಿಗೂ ಮಿಕ್ಕಿ ಬಾಂಬು ಸುರಿದವು. ಹಗಲಿರುಳೆನ್ನದೆ ಒಂಬತ್ತು ವರ್ಷ, ಎಂಟು ನಿಮಿಷಕ್ಕೊಂದು ದಾಳಿಯಂತೆ ಲೆಕ್ಕ ಬೀಳುತ್ತದೆ. ಅಮೆರಿಕದ ಜನತೆಗೇ ಇದನ್ನು ಬಹುಕಾಲ ತಿಳಿಸಿರಲಿಲ್ಲ. ದೊಡ್ಡ ಬಾಂಬಿನ ಹೊಟ್ಟೆಯಿಂದ ಚೆದರಿದ, ಚೆಂಡಿನ ಗಾತ್ರದ ಮರಿಬಾಂಬುಗಳು 27 ಕೋಟಿ. ಅವುಗಳಲ್ಲಿ ಸುಮಾರು ಎಂಟು ಕೋಟಿ ಸಿಡಿಯದೆ ನೆಲದಲ್ಲಿ ಉಳಿದವು. ಹಳ್ಳಿಯವರು ಅವನ್ನು ‘ಬೊಂಬೀ’ ಎನ್ನುತ್ತಾರೆ. ಚೆಂಡೆಂದು ಎತ್ತಿಕೊಳ್ಳುವ ಮಕ್ಕಳು, ಗದ್ದೆ ಅಗೆಯುವ ರೈತರು, ಬಿದಿರುಕಳಲೆ ಕೀಳಲು ಹೋದ ಹೆಂಗಸರು: ಯುದ್ಧ ಮುಗಿದ ಮೇಲೆ ಸತ್ತವರು, ಗಾಯಗೊಂಡವರು ಒಟ್ಟು ಇಪ್ಪತ್ತು ಸಾವಿರದಷ್ಟಿದ್ದಾರೆ. 2016ರಲ್ಲಿ ಅಧ್ಯಕ್ಷ ಒಬಾಮ ಇಲ್ಲಿಗೆ ಬಂದು, ತೆರವಿನ ಕೆಲಸಕ್ಕೆ ಮೂರು ವರ್ಷಗಳಲ್ಲಿ ಒಂಬತ್ತು ಕೋಟಿ ಡಾಲರ್ ಕೊಡುವುದಾಗಿ ಸಾರಿದರು. ನೆಲವನ್ನು ಅಡಿ ಅಡಿಯಾಗಿ ಶೋಧಿಸುವ ಕೆಲಸ ನಿಧಾನದ್ದು. ಯಂತ್ರ ಹಿಡಿದು ನಡೆಯುವ ತಂಡಗಳಲ್ಲಿ ಸ್ಥಳೀಯ ಸ್ತ್ರೀಯರೂ ಹಲವರು.

ಹತ್ತಿರದ ನಾಪಿಯಾ ಎಂಬ ಹಳ್ಳಿಯಲ್ಲಿ ಯುದ್ಧದ ಅಲ್ಯೂಮಿನಿಯಂ ಚೂರುಗಳನ್ನು ಕರಗಿಸಿ, ಅಚ್ಚಿಗೆ ಹೊಯ್ದು ಚಮಚ ಮಾಡುತ್ತಾರೆ. ಬಾಂಬಿನ ಹೊರಕವಚ ಕೆಲವು ಮನೆಗಳಿಗೆ ಕಂಬವಾಗಿದೆ, ಕೆಲವೆಡೆ ಈರುಳ್ಳಿ ಸೊಪ್ಪು ಬೆಳೆಯುವ ತೊಟ್ಟಿಯಾಗಿದೆ. ಪ್ರವಾಸಿಗರು ಚಮಚವನ್ನು ಕೊಂಡು ಕೌತುಕಪಡುತ್ತಾರೆ. ಕೌತುಕಕ್ಕೇನೋ ಅಡ್ಡಿಯಿಲ್ಲ; ಲೋಹ ಹೆಕ್ಕಲು ಹೋಗುವವನ ಕೈಗೆ ಏನು ಸಿಕ್ಕೀತು ಎಂಬ ಯೋಚನೆಯೂ ಜತೆಗಿರಬೇಕು.

ರಾಜಧಾನಿಯ ಹೆಸರು ಸ್ಥಳೀಯರ ಬಾಯಲ್ಲಿ ವಿಯೆಂಗ್‌ಚಾನ್; ಚಂದನದ ಊರು ಎಂದು ಅರ್ಥ ಹೇಳುತ್ತಾರೆ. 1566ರ ಥಾಟ್ ಲುವಾಂಗ್ ಸ್ತೂಪದ ಹೊನ್ನಬಣ್ಣವನ್ನೂ, ವಿಮಾನನಿಲ್ದಾಣಕ್ಕೆಂದು ಅಮೆರಿಕ ಕೊಟ್ಟ ಸಿಮೆಂಟಿನಲ್ಲಿ ಕಟ್ಟಿದರೆನ್ನುವ, ಅದಕ್ಕೇ ‘ನೆಟ್ಟಗೆ ನಿಂತ ರನ್‌ವೇ’ ಎಂದು ಅಡ್ಡಹೆಸರು ಪಡೆದ ವಿಜಯದ್ವಾರವನ್ನೂ ಎಲ್ಲರೂ ನೋಡುತ್ತಾರೆ. ಕೋಪ್ ಎಂಬ ಸಂಸ್ಥೆಯ ಕೇಂದ್ರವನ್ನೂ ನೋಡತಕ್ಕದ್ದು. ಅಲ್ಲಿ ಕೃತಕ ಕೈಕಾಲುಗಳನ್ನು ಜೋಡಿಸಿಕೊಡುತ್ತಾರೆ. ಬಿದಿರು, ಮರ, ತಗಡುಗಳಿಂದ ಹಳ್ಳಿಗರು ತಾವೇ ಮಾಡಿಕೊಂಡಿದ್ದ ಹಳೆಯ ಕಾಲುಗಳ ಸಾಲೇ ಅಲ್ಲಿದೆ. ಸಿಯೆಂಗ್ ಖುವಾಂಗಿನ ಕೆಂಪು ಬಿಳುಪು ಕಲ್ಲನ್ನು ಕಂಡು ಬಂದವರಿಗೆ ಅಲ್ಲಿ ವಿವರಣೆ ಬೇಡ.

ದಕ್ಷಿಣದ ತುದಿಯಲ್ಲಿ, ಕಾಂಬೋಡಿಯದ ಗಡಿಯ ಮಡುವಿನಲ್ಲಿ, ಹಿಂದೆ ದೋಣಿಗಾರರು ಸಿಹಿನೀರಿನ ಡಾಲ್ಫಿನ್‌ಗಳನ್ನು ತೋರಿಸುತ್ತಿದ್ದರು. ಅವುಗಳಲ್ಲಿ ಕೊನೆಯದು 2022ರಲ್ಲಿ ಸತ್ತಿತು. ಆದರೂ ದಕ್ಷಿಣಕ್ಕೆ ಹೋಗಲು ಕಾರಣವಿದೆ. ಚಂಪಾಸಕ್ಕಿನ ವಾಟ್ ಫೂ ಅಲ್ಲಿದೆ. ಬೆಟ್ಟದ ತುದಿಯ ಕಲ್ಲು ಲಿಂಗದಂತೆ ಕಾಣುವುದರಿಂದ ಪ್ರಾಚೀನರು ಅದನ್ನು ಲಿಂಗಪರ್ವತವೆಂದರು. ಐದನೆಯ ಶತಮಾನದಲ್ಲಿ ದೇವಾನೀಕನೆಂಬ ರಾಜನು ಇಲ್ಲಿ ತೀರ್ಥವೊಂದನ್ನು ಸ್ಥಾಪಿಸಿ ಅದಕ್ಕೆ ಕುರುಕ್ಷೇತ್ರವೆಂದು ಹೆಸರಿಟ್ಟುದನ್ನು ಸಂಸ್ಕೃತ ಶಾಸನ ಹೇಳುತ್ತದೆ. ಈಗ ನಿಂತಿರುವ ಗುಡಿಗಳು ಖ್ಮೇರರ ಕಾಲದವು, ಬಹುಪಾಲು ಹನ್ನೊಂದರಿಂದ ಹದಿಮೂರನೆಯ ಶತಮಾನದವು. ಕಡಿದಾದ ಮೆಟ್ಟಿಲುಗಳ ಎರಡೂ ಬದಿಗೆ ದೇವಕಣಗಿಲೆಯ ಮುದಿಮರಗಳು. ಲಾವೋ ಜನ ಅದನ್ನು ಚಂಪಾ ಎನ್ನುತ್ತಾರೆ, ಅದೇ ಅವರ ರಾಷ್ಟ್ರಪುಷ್ಪ. ಮೇಲಿನ ಬಂಡೆಯಿಂದ ಒಸರುವ ಬುಗ್ಗೆಯ ನೀರನ್ನು ಹಿಂದೆ ಕಲ್ಲಿನ ದೋಣಿಯಲ್ಲಿ ಹರಿಸಿ ಗರ್ಭಗುಡಿಯ ಲಿಂಗಕ್ಕೆ ಸದಾ ಅಭಿಷೇಕವಾಗುವಂತೆ ಮಾಡಿದ್ದರು. ಲಿಂಗವಿದ್ದ ಕಡೆ ಇಂದು ಬುದ್ಧನ ವಿಗ್ರಹಗಳಿವೆ. ಬುಗ್ಗೆ ಬತ್ತಿಲ್ಲ, ಹತ್ತಿ ಬಂದ ಹಳ್ಳಿಗರು ಆ ನೀರನ್ನು ತಲೆಗೆ ತಳಿದುಕೊಂಡು, ಬಾಟಲಿಗಳಲ್ಲಿ ಮನೆಗೂ ಒಯ್ಯುತ್ತಾರೆ.

ಮಾಘದ ಹುಣ್ಣಿಮೆಯಲ್ಲಿ ಇಲ್ಲಿ ದೊಡ್ಡ ಜಾತ್ರೆ ನೆರೆಯುತ್ತದೆ. ಆ ಹೊತ್ತಿಗೆ ಹೋಗಬಯಸುವವರು ಉಳಿಯುವ ಕೋಣೆಯನ್ನು ಬಹಳ ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು. ಚಂಪಾಸಕ್ ಚಿಕ್ಕ ಊರು.