ಬಳ್ಳಾರಿಯ ಬಿಸಿಲಿಗೆ ತಕ್ಕ ಪ್ರೊಸೆಸರ್ ಫ್ಯಾನ್

ವ್ಯಾಪಾರದ ಲೆಕ್ಕವು ಕೆಂಪು ಬಟ್ಟೆಯ ಖಾತೆ ಪುಸ್ತಕವನ್ನು ಬಿಟ್ಟು ಗಣಕಯಂತ್ರವನ್ನು ಸೇರಿ ಬಹುಕಾಲವಾಯಿತು. ಮೌಲ್ಯವರ್ಧಿತ ತೆರಿಗೆಯ ಕಾಲದ ಇ-ಸುಗಮ, 2017ರ ಜುಲೈ 1ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆ, 2018ರ ಏಪ್ರಿಲ್ 1ರಿಂದ ಆರಂಭವಾದ ಇ-ವೇ ಬಿಲ್, 2023ರ ಆಗಸ್ಟ್ 1ರಿಂದ ಐದು ಕೋಟಿ ರೂಪಾಯಿಗೆ ಮೇಲ್ಪಟ್ಟ ವಾರ್ಷಿಕ ವಹಿವಾಟಿನವರಿಗೂ ವಿಸ್ತರಿಸಿದ ಇ-ಇನ್‌ವಾಯ್ಸ್ ಇವೆಲ್ಲವೂ ಒಂದರ ಹಿಂದೊಂದು ಬಂದು ನಮ್ಮ ವ್ಯಾಪಾರಸ್ಥರನ್ನು ಗಣಕಯಂತ್ರದ ಮುಂದೆ ಕೂರಿಸಿವೆ. ಯಂತ್ರ ನಿಂತರೆ ವಹಿವಾಟು ನಿಲ್ಲುತ್ತದೆ. ಆದರೆ ಆ ಯಂತ್ರವನ್ನು ಕಾಯುವ, ಅಂಗೈಯಗಲದ ಒಂದು ಫ್ಯಾನಿನ ಕುರಿತು ನಮ್ಮಲ್ಲಿ ವಿಚಾರಿಸುವವರು ವಿರಳ. ಕೆಟ್ಟಾಗ ಕೈಗೆ ಸಿಕ್ಕಿದ್ದನ್ನು ಹಾಕಿಸಿಕೊಂಡು ಮುಂದೆ ಸಾಗುವುದೇ ರೂಢಿಯಾಗಿದೆ. ಈ ರೂಢಿಯನ್ನು ನಮ್ಮ ಜಿಲ್ಲೆಯವರು ಕೈಬಿಡಬೇಕೆಂಬುದೇ ಈ ಲೇಖನದ ಆಶಯ.

ನಮ್ಮಲ್ಲಿ ಇಡೀ ಪೆಟ್ಟಿಗೆಯನ್ನೇ ಸಿಪಿಯು ಎಂದು ಕರೆಯುವುದುಂಟು. ವಾಸ್ತವವಾಗಿ ಸಿಪಿಯು ಅಥವಾ ಪ್ರೊಸೆಸರ್ ಎಂಬುದು ಮದರ್‌ಬೋರ್ಡಿನ ಮೇಲೆ ಕುಳಿತ ಸಣ್ಣ ಬಿಲ್ಲೆ. ಅದು ಬಳಸುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. ಆ ಶಾಖವನ್ನು ಲೋಹದ ರೆಕ್ಕೆಗಳುಳ್ಳ ಹೀಟ್ ಸಿಂಕ್ ಹೀರಿಕೊಳ್ಳುತ್ತದೆ; ರೆಕ್ಕೆಗಳ ನಡುವೆ ಗಾಳಿ ಹಾಯಿಸಿ ಅದನ್ನು ಹೊರದೂಡುವುದು ಫ್ಯಾನಿನ ಕೆಲಸ. ಇಲ್ಲಿ ಒಂದು ಅಂಶ ಮುಖ್ಯ. ಯಾವ ಫ್ಯಾನೂ ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಕೋಣೆಯ ಉಷ್ಣತೆಯ ಮೇಲೆ ಪ್ರೊಸೆಸರಿನ ಏರಿಕೆ ಎಷ್ಟಿರಬೇಕು ಎಂಬುದನ್ನಷ್ಟೇ ಅದು ನಿರ್ಧರಿಸುತ್ತದೆ. ದುಡಿಮೆಯ ವೇಳೆ ಈ ಏರಿಕೆ 45 ಡಿಗ್ರಿ ಎಂದಿಟ್ಟುಕೊಂಡರೆ, 25 ಡಿಗ್ರಿಯ ಕೋಣೆಯಲ್ಲಿ ಪ್ರೊಸೆಸರ್ 70 ಡಿಗ್ರಿಯಲ್ಲಿ ನೆಮ್ಮದಿಯಾಗಿರುತ್ತದೆ. ಅದೇ ಯಂತ್ರವು 42 ಡಿಗ್ರಿಯ ಕೋಣೆಯಲ್ಲಿ 87ಕ್ಕೆ ಏರುತ್ತದೆ. ಪೆಟ್ಟಿಗೆಯೊಳಗಿನ ಗಾಳಿ ಕೋಣೆಯ ಗಾಳಿಗಿಂತ ಇನ್ನೂ ಬಿಸಿಯಾಗಿರುವುದರಿಂದ 90 ದಾಟಿದರೂ ಆಶ್ಚರ್ಯವಿಲ್ಲ. ಇಂಟೆಲ್‌ನ ಬಹುತೇಕ ಡೆಸ್ಕ್‌ಟಾಪ್ ಪ್ರೊಸೆಸರುಗಳಿಗೆ 100 ಡಿಗ್ರಿ, ಎಎಂಡಿ ರೈಜನ್‌ನ ಅನೇಕ ಮಾದರಿಗಳಿಗೆ 95 ಡಿಗ್ರಿ ಗರಿಷ್ಠ ಮಿತಿ. ಮಿತಿ ಮುಟ್ಟಿದಾಗ ಪ್ರೊಸೆಸರ್ ಸುಟ್ಟುಹೋಗುವುದಿಲ್ಲ. ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಅದೂ ಸಾಲದಾದರೆ ಯಂತ್ರವೇ ನಿಂತುಹೋಗುತ್ತದೆ.

ನಷ್ಟವಿರುವುದು ಇಲ್ಲಿಯೇ. ಬಳ್ಳಾರಿಯಲ್ಲಿರುವುದು ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಎರಡೇ ಕಾಲ ಎಂದು ಜನ ಹಾಸ್ಯವಾಡುತ್ತಾರೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ನಮಗೆ ಹೊಸದಲ್ಲ. ಏಪ್ರಿಲ್ ತಿಂಗಳೆಂದರೆ ಹಿಂದಿನ ಹಣಕಾಸು ವರ್ಷದ ಲೆಕ್ಕ ಮುಗಿಸುವ ಸಮಯವೂ ಹೌದು. ತಿಂಗಳ 11ರೊಳಗೆ ಮಾರಾಟದ ವಿವರ, 20ರೊಳಗೆ ತೆರಿಗೆಯ ರಿಟರ್ನ್ ಸಲ್ಲಿಸಬೇಕಾದವರಿಗೆ ಯಂತ್ರ ಆಮೆಗತಿಯಲ್ಲಿ ನಡೆದರೆ ಆಗುವ ಕಿರಿಕಿರಿ ಗೊತ್ತಿರುವಂಥದ್ದೇ. ಗೇಟಿನ ಮುಂದೆ ಹತ್ತಿಯ ಬೇಲುಗಳನ್ನೋ ಜೀನ್ಸ್ ಮೂಟೆಗಳನ್ನೋ ಹೇರಿಕೊಂಡು ಲಾರಿ ನಿಂತಿರುವಾಗ ಇ-ವೇ ಬಿಲ್ ತೆಗೆಯುವ ಯಂತ್ರ ಮಲಗಿಬಿಟ್ಟರೆ, ಉಳಿಸಿದ ಕೆಲವು ನೂರು ರೂಪಾಯಿಗಳು ಒಂದೇ ರಾತ್ರಿಯಲ್ಲಿ ಕೈಬಿಡುತ್ತವೆ.

ಬಿಸಿಲಿನ ಜೊತೆಗೆ ಧೂಳೂ ಇದೆ. ಬಳ್ಳಾರಿ ನಗರದ ಜೀನ್ಸ್ ಹೊಲಿಗೆ ಘಟಕಗಳಲ್ಲಿ ಡೆನಿಮ್ ಬಟ್ಟೆಯ ನವಿರಾದ ಎಳೆಗಳು ಗಾಳಿಯಲ್ಲಿ ತೇಲುತ್ತಿರುತ್ತವೆ. ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಹೊಟ್ಟು ಮತ್ತು ತೌಡಿನ ಪುಡಿ. ಕುರುಗೋಡಿನ ಸುತ್ತಲಿನ ಎರೆ ನೆಲದ ಧೂಳು ರಸ್ತೆ ಬದಿಯ ಅಂಗಡಿಗಳನ್ನು ಬಿಡದು. ಎಳೆಯು ರೆಕ್ಕೆಗಳ ಸಂದಿಯಲ್ಲಿ ಹಾಸಿಗೆಯಂತೆ ಹೆಣೆದುಕೊಳ್ಳುತ್ತದೆ; ಎಣ್ಣೆಯ ಅಂಶವಿರುವ ತೌಡು ಜಿಗುಟಾಗಿ ಅಂಟುತ್ತದೆ. ಆಗ ಫ್ಯಾನ್ ಎಷ್ಟೇ ಜೋರಾಗಿ ತಿರುಗಿದರೂ ಗಾಳಿ ಹಾಯುವುದಿಲ್ಲ. ಸದ್ದು ಮಾತ್ರ ಹೆಚ್ಚುತ್ತದೆ. ಆದುದರಿಂದ ಸದ್ದಿಲ್ಲದ ಫ್ಯಾನ್ ಬೇಕೆನ್ನುವುದು ಕೇವಲ ಶೋಕಿಯ ಮಾತಲ್ಲ. ದಿನಕ್ಕೆ ಹತ್ತು ಗಂಟೆ ಆ ಪೆಟ್ಟಿಗೆಯ ಪಕ್ಕದಲ್ಲಿ ಕುಳಿತು ಅಂಕಿ ತುಂಬುವ ಗುಮಾಸ್ತರ ಕಿವಿ ಮತ್ತು ಏಕಾಗ್ರತೆಯ ಪ್ರಶ್ನೆ ಅದು. ಜೊತೆಗೆ, ಮೊದಲು ಸುಮ್ಮನಿದ್ದ ಫ್ಯಾನ್ ಕೂಗಲಾರಂಭಿಸಿದರೆ ಅದನ್ನು ಮುನ್ಸೂಚನೆಯೆಂದು ತಿಳಿಯಬೇಕು. ಗಿರಣಿಯ ಬೇರಿಂಗ್ ಸದ್ದು ಮಾಡಿದೊಡನೆ ಫಿಟ್ಟರನ್ನು ಕರೆಸುವ ಮಾಲೀಕರು ಕಚೇರಿಯ ಯಂತ್ರದ ಸದ್ದಿಗೆ ಕಿವುಡಾಗುವುದೇಕೆ?

ಹಾಗಾದರೆ ಆಯ್ಕೆ ಹೇಗಿರಬೇಕು?

ಫ್ಯಾನಿಗಿಂತ ಮೊದಲು ಪ್ರೊಸೆಸರನ್ನು ನೋಡಬೇಕು. ಲೆಕ್ಕಪತ್ರ, ಬಿಲ್ಲಿಂಗ್, ರಿಟರ್ನ್ ಸಲ್ಲಿಕೆಗೆ 65 ವ್ಯಾಟ್ ಅಥವಾ ಅದಕ್ಕಿಂತ ಕಡಿಮೆ ಶಾಖದ ಪ್ರೊಸೆಸರ್ ಧಾರಾಳವಾಗಿ ಸಾಕು. ಆಟಗಳಿಗೆಂದು ತಯಾರಾದ 125 ವ್ಯಾಟಿನದನ್ನು ಕಚೇರಿಗೆ ತಂದು, ಅನಂತರ ಅದನ್ನು ತಣಿಸಲು ಹೆಣಗುವುದು ವ್ಯರ್ಥ ವೆಚ್ಚ.

ಎರಡನೆಯದು ಗಾತ್ರ. 80 ಮಿಲಿಮೀಟರಿನ ಫ್ಯಾನಿಗಿಂತ 120 ಮಿಲಿಮೀಟರಿನದಕ್ಕೆ ಎರಡು ಪಟ್ಟಿಗೂ ಹೆಚ್ಚು ವಿಸ್ತಾರವಿರುವುದರಿಂದ ಅಷ್ಟೇ ಗಾಳಿಯನ್ನು ಅದು ನಿಧಾನವಾಗಿ ತಿರುಗಿಯೇ ಒದಗಿಸಬಲ್ಲದು. ಒಂದು ಫ್ಯಾನಿನ ವೇಗ ಅರ್ಧಕ್ಕಿಳಿದರೆ ಅದರ ಸದ್ದು ಸುಮಾರು 15 ಡೆಸಿಬೆಲ್ ತಗ್ಗುತ್ತದೆ. 10 ಡೆಸಿಬೆಲ್ ತಗ್ಗಿದರೇ ನಮ್ಮ ಕಿವಿಗೆ ಸದ್ದು ಅರ್ಧದಷ್ಟಾದಂತೆ ಭಾಸವಾಗುತ್ತದೆ ಎಂಬುದನ್ನು ನೆನೆದರೆ ದೊಡ್ಡ ಫ್ಯಾನಿನ ಲಾಭ ಅರಿವಾಗುತ್ತದೆ. ಆದರೆ ಕೊಳ್ಳುವ ಮುನ್ನ ಪ್ರೊಸೆಸರಿನ ಸಾಕೆಟ್ ಯಾವುದು, ಎಲ್‌ಜಿಎ 1700ರದೋ ಎಎಂ4ರದೋ, ಮತ್ತು ಪೆಟ್ಟಿಗೆಯ ಅಗಲ ಎಷ್ಟು ಎಂಬುದನ್ನು ಬರೆದುಕೊಂಡು ಹೋಗಬೇಕು. ಎತ್ತರದ ಹೀಟ್ ಸಿಂಕ್ ಸಣ್ಣ ಪೆಟ್ಟಿಗೆಯಲ್ಲಿ ಹಿಡಿಸದು.

ಮೂರನೆಯದು ಬೇರಿಂಗ್. ಅಗ್ಗದ ಫ್ಯಾನುಗಳಲ್ಲಿರುವ ಸ್ಲೀವ್ ಬೇರಿಂಗಿನ ಎಣ್ಣೆ ಬಿಸಿಗೆ ಬೇಗ ಒಣಗುತ್ತದೆ. ಪೆಟ್ಟಿಗೆಯನ್ನು ಮೇಜಿನ ಕೆಳಗೆ ಅಡ್ಡ ಮಲಗಿಸಿದರೆ ಅದರ ಸವೆತ ಇನ್ನೂ ಹೆಚ್ಚು. ಬಾಲ್ ಬೇರಿಂಗ್ ಬಿಸಿಗೆ ತಾಳುತ್ತದೆ, ಆದರೆ ತುಸು ಸದ್ದಿನದು. ಫ್ಲೂಯಿಡ್ ಡೈನಮಿಕ್ ಬೇರಿಂಗ್ ಮೌನಕ್ಕೂ ಬಾಳಿಕೆಗೂ ಹೆಸರಾದುದು. ಬೆಲೆ ತುಸು ಹೆಚ್ಚಾದರೂ ನಮ್ಮ ಹವೆಗೆ ಅದೇ ಸೂಕ್ತ. ಡಬ್ಬಿಯ ಮೇಲೆ ನಮೂದಿಸಿದ ಆಯಸ್ಸಿನ ಗಂಟೆಗಳು ಎಷ್ಟು ಡಿಗ್ರಿ ಉಷ್ಣತೆಗೆ ಸಂಬಂಧಿಸಿದವು ಎಂದು ಓದಬೇಕು. 25 ಡಿಗ್ರಿಯ ಲೆಕ್ಕವು ಬಳ್ಳಾರಿಗೆ ಅನ್ವಯಿಸದು.

ನಾಲ್ಕನೆಯದು ತಂತಿ. ನಾಲ್ಕು ಪಿನ್ನಿನ ಫ್ಯಾನ್ ಪ್ರೊಸೆಸರಿನ ಬಿಸಿಗೆ ತಕ್ಕಂತೆ ವೇಗವನ್ನು ಏರಿಳಿಸಿಕೊಳ್ಳುತ್ತದೆ. ಮದರ್‌ಬೋರ್ಡಿನಲ್ಲಿ ಸಿಪಿಯು ಫ್ಯಾನ್ ಎಂದು ಗುರುತಿಸಿದ ಜಾಗಕ್ಕೇ ಅದನ್ನು ಜೋಡಿಸಿದ್ದರೆ, ಫ್ಯಾನ್ ನಿಂತಾಗ ಬಹುತೇಕ ಯಂತ್ರಗಳು ಆರಂಭದಲ್ಲಿಯೇ ಎಚ್ಚರಿಕೆ ನೀಡುತ್ತವೆ. ಆ ಎಚ್ಚರಿಕೆ ಕಾಣದಂತೆ ಸೆಟ್ಟಿಂಗ್ ಬದಲಿಸಿ ‘ಸರಿಹೋಯಿತು’ ಎನ್ನುವ ದುರಸ್ತಿಯನ್ನು ಯಾರೂ ಒಪ್ಪಿಕೊಳ್ಳಬಾರದು.

ಸುರಕ್ಷತೆಯ ಮಾತನ್ನೂ ಹೇಳಲೇಬೇಕು. ಬೇಸಿಗೆ ಬಂತೆಂದರೆ ಪೆಟ್ಟಿಗೆಯ ಪಕ್ಕದ ಹಲಗೆ ಬಿಚ್ಚಿ ಟೇಬಲ್ ಫ್ಯಾನ್ ಇಡುವವರಿದ್ದಾರೆ. ಇದರಿಂದ ಧೂಳು ನೇರವಾಗಿ ಒಳನುಗ್ಗುತ್ತದೆ, ಹಲ್ಲಿ ಇಲಿಗಳಿಗೆ ದಾರಿಯಾಗುತ್ತದೆ, ಸೀರೆಯ ಸೆರಗೋ ಮಗುವಿನ ಬೆರಳೋ ತಿರುಗುವ ಫ್ಯಾನಿಗೆ ಸಿಕ್ಕುವ ಅಪಾಯವಿರುತ್ತದೆ. ಗಿರಣಿಯ ಕಂಪ್ರೆಸರಿನಿಂದ ಧೂಳು ಊದುವುದೂ ಸರಿಯಲ್ಲ. ಅದರ ಗಾಳಿಯಲ್ಲಿ ನೀರಿನ ಹನಿಯೂ ಎಣ್ಣೆಯೂ ಇರುತ್ತವೆ. ರಭಸಕ್ಕೆ ಫ್ಯಾನ್ ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಪ್ಲಗ್ ಕಿತ್ತು, ಪೆಟ್ಟಿಗೆಯನ್ನು ಕೋಣೆಯ ಹೊರಗೆ ಒಯ್ದು, ಫ್ಯಾನ್ ತಿರುಗದಂತೆ ಹಿಡಿದು ಮೆತ್ತನೆಯ ಬ್ರಷ್ ಮತ್ತು ಸಣ್ಣ ಬ್ಲೋಯರಿನಿಂದ ಸ್ವಚ್ಛಗೊಳಿಸುವುದು ಸರಿಯಾದ ಕ್ರಮ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ತೆರೆಯಕೂಡದು. ಪ್ಲಗ್ ತೆಗೆದ ಮೇಲೂ ಅದರ ಕೆಪ್ಯಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು. ಹೀಟ್ ಸಿಂಕ್ ಬಿಚ್ಚಿದಾಗಲೆಲ್ಲ ಹಳೆಯ ಥರ್ಮಲ್ ಪೇಸ್ಟ್ ಒರೆಸಿ ಹೊಸದನ್ನು ಹಚ್ಚಿಸಬೇಕು.

ಹವಾನಿಯಂತ್ರಿತ ಕೋಣೆ ಇದ್ದರೆ ಇದೆಲ್ಲ ಏಕೆ ಎಂದು ಕೆಲವರು ಕೇಳಬಹುದು. ಎಸಿ ಬಿಸಿಯನ್ನು ತಗ್ಗಿಸುತ್ತದೆಯೇ ಹೊರತು ಡೆನಿಮ್ ಎಳೆಯನ್ನು ಪೂರ್ತಿ ತಡೆಯದು. ಅಲ್ಲದೆ ವಿದ್ಯುತ್ ಹೋದಾಗ ಯುಪಿಎಸ್ ಗಣಕಯಂತ್ರವನ್ನು ನಡೆಸುತ್ತದೆ, ಎಸಿ ನಿಂತಿರುತ್ತದೆ. ಫ್ಯಾನಿನ ನಿಜವಾದ ಪರೀಕ್ಷೆ ಆಗಲೇ. ಇನ್ನು ಕೆಲವರು ಬಣ್ಣದ ದೀಪಗಳ ವಾಟರ್ ಕೂಲಿಂಗ್ ವ್ಯವಸ್ಥೆಗೆ ಮಾರುಹೋಗುತ್ತಾರೆ. ಕಚೇರಿಯ ಯಂತ್ರಕ್ಕೆ ಅದು ಅನಗತ್ಯ. ಕೆಡುವ ಭಾಗಗಳ ಪಟ್ಟಿಗೆ ಪಂಪನ್ನೂ ಸೇರಿಸಿಕೊಂಡಂತಾಗುತ್ತದೆ. ಗಿರಣಿಯ ವೇಬ್ರಿಡ್ಜ್‌ನಂಥ ಧೂಳಿನ ಜಾಗಕ್ಕೆ ಫ್ಯಾನೇ ಇಲ್ಲದ ಸಣ್ಣ ಗಣಕಯಂತ್ರವು ಉತ್ತಮ ಪರ್ಯಾಯ. ತೂಕದ ಚೀಟಿ ಮುದ್ರಿಸುವ ಕೆಲಸಕ್ಕೆ ಅದರ ಶಕ್ತಿ ಸಾಲುತ್ತದೆ, ಸವೆಯುವ ಫ್ಯಾನಿನ ಚಿಂತೆಯೂ ಇಲ್ಲ.

ಕೊನೆಯದಾಗಿ ಎರಡು ಸಲಹೆಗಳು. ಗಣಕಯಂತ್ರ ಮಾರುವ ನಮ್ಮ ಸದಸ್ಯರು ಫ್ಯಾನಿನ ಗಾತ್ರ, ಬೇರಿಂಗಿನ ಬಗೆ ಮತ್ತು ವಾರಂಟಿಯ ಅವಧಿಯನ್ನು ಬಿಲ್ಲಿನಲ್ಲಿಯೇ ನಮೂದಿಸುವ ಪರಿಪಾಠವನ್ನು ಆರಂಭಿಸಲಿ. ಕೊಳ್ಳುವವರು ಬಿಲ್ಲಿಲ್ಲದ ಸರಕನ್ನು ನಿರಾಕರಿಸಲಿ. ತೆರಿಗೆಗೊಳಪಟ್ಟ ವಹಿವಾಟುಳ್ಳ ನೋಂದಾಯಿತರಿಗೆ ಹೂಡುವಳಿ ತೆರಿಗೆಯೂ ಮರಳಿ ದೊರೆಯುತ್ತದೆ. ಎರಡನೆಯದಾಗಿ, ಪ್ರತಿ ವರ್ಷ ಬಿಸಿಲೇರುವ ಮುನ್ನ, ಫೆಬ್ರವರಿಯಲ್ಲಿಯೇ, ಪ್ರತಿಯೊಂದು ಕಚೇರಿಯ ಯಂತ್ರವನ್ನೂ ತೆರೆದು ಸ್ವಚ್ಛಗೊಳಿಸಿ ಫ್ಯಾನ್ ಪರೀಕ್ಷಿಸುವ ದಿನವೊಂದನ್ನು ಗೊತ್ತುಮಾಡಿಕೊಳ್ಳಲಿ. ನೆಲದಿಂದ ಒಂದಡಿ ಎತ್ತರದಲ್ಲಿ, ಗೋಡೆಗೆ ತಾಗದಂತೆ ಪೆಟ್ಟಿಗೆಯನ್ನಿಟ್ಟು, ಗಾಳಿ ಒಳಬರುವಲ್ಲಿ ಜಾಲರಿ ಹಾಕಿ ಅದನ್ನು ವಾರಕ್ಕೊಮ್ಮೆ ತೊಳೆದರೆ ಅರ್ಧ ಕೆಲಸ ಮುಗಿದಂತೆ. ಆಯುಧಪೂಜೆಯ ದಿನ ಗಣಕಯಂತ್ರಕ್ಕೂ ಕುಂಕುಮವಿಟ್ಟು ಹೂ ಮುಡಿಸುವವರು ನಾವು. ಅದರ ಒಳಗಿನ ಧೂಳನ್ನೂ ವರ್ಷಕ್ಕೆರಡು ಬಾರಿ ತೆಗೆಸಿದರೆ ಪೂಜೆ ಪೂರ್ಣವಾದೀತು.