ಬ್ರೇಕ್ ವಿಷ್ಯದಲ್ಲಿ ‘ಆಮೇಲೆ ನೋಡೋಣ’ ಬೇಡ!

ಕುಕ್ಕರ್ ಗ್ಯಾಸ್ಕೆಟ್ ಸಡಿಲ ಆಗಿದ್ದರೆ ಹಾಲ್‌ನಲ್ಲಿ ಕೂತೇ ಕಂಡುಹಿಡೀತೀರಿ. ಮಿಕ್ಸಿ ಸದ್ದು ಚೂರು ಬದಲಾದರೂ ‘ಜಾರ್ ಹೋಯ್ತು’ ಅಂತ ಹೇಳಿಬಿಡ್ತೀರಿ. ಆದರೆ ದಿನಾ ಮಕ್ಕಳನ್ನು ಕೂರಿಸಿಕೊಂಡು ಓಡಿಸೋ ಕಾರು ‘ಕೀಂಯ್’ ಅಂದರೆ? ಎಫ್.ಎಂ. ಸದ್ದು ಜಾಸ್ತಿ ಮಾಡಿ ಮುಂದೆ ಹೋಗ್ತೀರಿ. ಯಾಕೆ ಹೀಗೆ? ಕಾರು ಅಂದರೆ ‘ಅವರ’ ಡಿಪಾರ್ಟ್‌ಮೆಂಟ್ ಅಂತ ಅಲ್ವಾ?

ಒಂದು ಕ್ಷಣ ಯೋಚನೆ ಮಾಡಿ. ಮನೆಗೆ ಹೊಸ ಕಾರು ಬಂದಾಗ ಅದು ಯಜಮಾನರ ಜೊತೆ ಆಫೀಸಿಗೆ ಹೋಗುತ್ತೆ. ಹಳೆಯ ಸ್ಯಾಂಟ್ರೋನೋ, 2014ರಲ್ಲೇ ತಯಾರಿಕೆ ನಿಂತುಹೋದ ಮಾರುತಿ 800ಓ ನಿಮ್ಮ ಪಾಲಿಗೆ ಉಳಿಯುತ್ತೆ. ಸ್ಕೂಲು, ಟ್ಯೂಷನ್ನು, ತರಕಾರಿ ಮಾರ್ಕೆಟ್ಟು, ಅತ್ತೆಯವರ ಚೆಕಪ್ಪು ಎಲ್ಲಾ ಅದರಲ್ಲೇ. ಅಂದರೆ, ಮನೆಯ ಅತಿ ಹಳೆಯ ಕಾರಿನಲ್ಲಿ ಮನೆಯ ಅತಿ ಅಮೂಲ್ಯ ಜೀವಗಳು! ಗಂಟೆಗೆ 40 ಕಿ.ಮೀ. ವೇಗದಲ್ಲಿದ್ದರೂ ಕಾರು ಒಂದು ಸೆಕೆಂಡಿಗೆ 11 ಮೀಟರ್ ಮುಂದೆ ಹೋಗಿರುತ್ತೆ. ಬ್ರೇಕ್ ಒಂದರೆಗಳಿಗೆ ತಡವಾಗಿ ಹಿಡಿದರೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಅದಕ್ಕೇ ನಮ್ಮ ಮಾತು ಇಷ್ಟೇ: ಸ್ಟೀರಿಂಗ್ ಹಿಡಿಯುವವರು ನೀವಾದರೆ, ಬ್ರೇಕ್ ಯಾವಾಗ, ಯಾರು, ಹೇಗೆ ರಿಪೇರಿ ಮಾಡಬೇಕು ಅನ್ನೋದರಲ್ಲಿ ಕೊನೆಯ ಮಾತೂ ನಿಮ್ಮದೇ ಆಗಿರಲಿ.

ಸರ್ವೀಸ್ ಬಿಲ್ ನೋಡಿ ಗಾಬರಿಯಾಗಿ ‘ಮನೆಯಲ್ಲೇ ಮಾಡೋಣ’ ಅನ್ನುವವರು ಈಗ ಜಾಸ್ತಿ. ಜೆ.ಸಿ. ರಸ್ತೆಯಿಂದ ಪಾರ್ಟ್ ತಂದು, ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಮಗ ಶುರು ಹಚ್ಚಿಕೊಳ್ತಾನೆ. ಇಲ್ಲವೇ ಪರಿಚಯದ ಮೆಕ್ಯಾನಿಕ್ ಭಾನುವಾರ ಅಪಾರ್ಟ್‌ಮೆಂಟ್ ಪಾರ್ಕಿಂಗ್‌ಗೇ ಬರ್ತಾನೆ. ತಪ್ಪೇನಿಲ್ಲ. ನಿಮಗೇ ಕೈಯಾಡಿಸುವ ಆಸೆ ಇದ್ದರೆ ಇನ್ನೂ ಒಳ್ಳೇದು. ಆದರೆ ಯಾವ ಕೆಲಸ ಮನೆಯಲ್ಲಿ, ಯಾವುದು ಗ್ಯಾರೇಜಿನಲ್ಲಿ ಅನ್ನೋ ವಿವೇಕ ಇರಬೇಕು.

ಕಾರು ಹೇಳೋದನ್ನ ಕೇಳಿಸಿಕೊಳ್ಳಿ

ಇಂಥ ಚಿಕ್ಕ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್ ಬ್ರೇಕ್. ಡಿಸ್ಕನ್ನು ಎರಡು ಕಡೆಯಿಂದ ಹಿಡಿದು ನಿಲ್ಲಿಸೋದೇ ಪ್ಯಾಡ್. ಹೊಸ ಪ್ಯಾಡಿನ ಪದರ ಸುಮಾರು 10 ಮಿ.ಮೀ. ಇರುತ್ತೆ. ಅದು 3 ಮಿ.ಮೀ.ಗೆ ಬಂತು ಅಂದರೆ ಬದಲಾಯಿಸಲೇಬೇಕು. ಎಷ್ಟೋ ಪ್ಯಾಡ್‌ಗಳಲ್ಲಿ ಒಂದು ಸಣ್ಣ ಲೋಹದ ನಾಲಿಗೆ ಇರುತ್ತೆ. ಪದರ ಸವೆದಾಗ ಅದು ಡಿಸ್ಕಿಗೆ ತಾಗಿ ‘ಕೀಂಯ್’ ಅನ್ನುತ್ತೆ. ಅದು ಎಚ್ಚರಿಕೆ. ‘ಕರ್‌ಕರ್’ ಅಂತ ಉಜ್ಜುವ ಸದ್ದಾದರೆ ಪ್ಯಾಡ್ ಮುಗಿದು ಡಿಸ್ಕೇ ಹಾಳಾಗ್ತಿದೆ ಅಂತ ಅರ್ಥ. ಆಗ ಖರ್ಚೂ ಡಬಲ್ಲು.

ಬ್ರೇಕ್ ಹಾಕಿದಾಗ ಕಾರು ಒಂದೇ ಪಕ್ಕಕ್ಕೆ ಎಳೆಯುತ್ತಾ? ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಗಿದೆಯಾ? ಹಂಪ್ ಮೇಲೆ ‘ಟಕ್ ಟಕ್’ ಅನ್ನುತ್ತಾ? ಇವೆಲ್ಲಾ ದೂರುಗಳೇ. ಸಸ್ಪೆನ್ಷನ್‌ಗೆ ಒಂದು ಸುಲಭದ ಪರೀಕ್ಷೆ ಇದೆ. ಕಾರಿನ ಒಂದು ಮೂಲೆಯನ್ನು ಜೋರಾಗಿ ಒತ್ತಿ ಕೈ ಬಿಡಿ. ಒಮ್ಮೆ ಮೇಲೆದ್ದು ನಿಂತರೆ ಸರಿ. ತೊಟ್ಟಿಲ ಹಾಗೆ ತೂಗುತ್ತಲೇ ಇದ್ದರೆ ಶಾಕ್ ಅಬ್ಸಾರ್ಬರ್ ಸೋತಿದೆ. ಅದು ಬರೀ ಬೆನ್ನುನೋವಿನ ವಿಷ್ಯ ಅಲ್ಲ. ಚಕ್ರ ಕುಣಿಯುತ್ತಾ ಇದ್ದರೆ ರಸ್ತೆ ಮೇಲಿನ ಹಿಡಿತ ತಪ್ಪುತ್ತೆ, ಆಗ ಬ್ರೇಕ್ ಎಷ್ಟು ಚೆನ್ನಾಗಿದ್ದೂ ಪ್ರಯೋಜನ ಇಲ್ಲ.

ಬಾನೆಟ್ ತೆಗೆದು ಬ್ರೇಕ್ ಎಣ್ಣೆಯ ಡಬ್ಬಿಯನ್ನೂ ನೋಡಿ. ಮಟ್ಟ ಇಳಿದಿದ್ದರೆ ಒಂದೋ ಪ್ಯಾಡ್ ಸವೆದಿದೆ, ಇಲ್ಲಾ ಎಲ್ಲೋ ಸೋರ್ತಿದೆ. ಸುಮ್ಮನೆ ಎಣ್ಣೆ ಸುರಿದು ಮರೆತುಬಿಡಬೇಡಿ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಹೇಗೆ ಒದ್ದೆಯಾಗುತ್ತೋ ಹಾಗೇ ಈ ಎಣ್ಣೆಯೂ ಗಾಳಿಯ ತೇವ ಹೀರುತ್ತೆ. ಅಂಥ ಎಣ್ಣೆ ಇಟ್ಟುಕೊಂಡು ಆಗುಂಬೆ, ಚಾರ್ಮಾಡಿ ಘಾಟಿ ಇಳಿದರೆ, ಬಿಸಿಗೆ ಆವಿ ಕಟ್ಟಿ ಪೆಡಲ್ ಕೈಕೊಡಬಹುದು. ಎರಡು ವರ್ಷಕ್ಕೊಮ್ಮೆ ಬದಲಾಯಿಸೋದು ಕ್ಷೇಮ. ಡಾಟ್ 3, ಡಾಟ್ 4 ಅಂತ ಮುಚ್ಚಳದ ಮೇಲೆ ಏನು ಬರೆದಿದೆಯೋ ಅದನ್ನೇ ಹಾಕಿಸಿ.

ಮನೆಯಲ್ಲಿ ಯಾವುದು, ಗ್ಯಾರೇಜಿಗೆ ಯಾವುದು?

ಮುಂದಿನ ಪ್ಯಾಡ್ ಬದಲಾವಣೆ ಮನೆಯಲ್ಲಿ ಮಾಡಬಹುದಾದ ಕೆಲಸ. ಆಂಟಿರೋಲ್ ಬಾರ್‌ನ ಲಿಂಕ್ ರಾಡ್ ಕೂಡ ಪರವಾಗಿಲ್ಲ. ಡ್ರಮ್ ಒಳಗಿನ ಶೂ, ಸ್ಪ್ರಿಂಗ್‌ಗಳ ಜೋಡಣೆ ಹೊಸಬರಿಗೆ ಬೇಡ. ಮುಂದಿನ ಸ್ಟ್ರಟ್ ಬಿಚ್ಚುವ ಕೆಲಸವಂತೂ ಖಂಡಿತಾ ಬೇಡ. ಅಲ್ಲಿರೋ ದೊಡ್ಡ ಸ್ಪ್ರಿಂಗ್ ಒತ್ತಡದಲ್ಲಿರುತ್ತೆ, ಚಿಮ್ಮಿದರೆ ಮುಖ, ಕೈ ಉಳಿಯಲ್ಲ. ಅದಕ್ಕೆ ತಕ್ಕ ಉಪಕರಣ ಇರೋ ಗ್ಯಾರೇಜಿಗೇ ಕೊಡಿ. ಸ್ಟ್ರಟ್, ಲೋವರ್ ಆರ್ಮ್, ಟೈರಾಡ್ ಏನೇ ಬದಲಾಯಿಸಿದರೂ ವೀಲ್ ಅಲೈನ್‌ಮೆಂಟ್ ಮಾಡಿಸಿ. ಇಲ್ಲಾಂದ್ರೆ ಹೊಸ ಟೈರೂ ಒಂದೇ ಕಡೆ ಸವೆಯುತ್ತೆ.

ಇನ್ನು ಜ್ಯಾಕ್ ವಿಷ್ಯ. ಇಲ್ಲಿ ನೀವು ಸ್ವಲ್ಪ ಜೋರು ಮಾಡಲೇಬೇಕು! ಕಾರಿನ ಜೊತೆ ಬರೋ ಜ್ಯಾಕ್ ಇರೋದು ಪಂಕ್ಚರ್ ಆದಾಗ ಚಕ್ರ ಬದಲಾಯಿಸೋಕೆ ಮಾತ್ರ. ಅದೊಂದನ್ನೇ ನಂಬಿ ಕಾರಿನ ಕೆಳಗೆ ಯಾರೂ ಕೈ, ತಲೆ ಹಾಕೋದು ಬೇಡ. ಚಿಕ್ಕದು ಅನ್ನಿಸೋ ಮಾರುತಿ 800ರ ತೂಕವೇ 600 ಕೆ.ಜಿ.ಗಿಂತ ಜಾಸ್ತಿ. ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಜ್ಯಾಕ್ ಸ್ಟ್ಯಾಂಡ್ ಕೊಟ್ಟ ಮೇಲೇ ಕೆಲಸ ಶುರುವಾಗಲಿ. ಸ್ಟ್ಯಾಂಡ್ ಬದಲಿಗೆ ಇಟ್ಟಿಗೆ ಬೇಡ, ಪುಡಿಯಾಗುತ್ತೆ. ಹ್ಯಾಂಡ್ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನಷ್ಟೇ ಹಿಡಿಯುತ್ತೆ. ಮುಂದೆ ಎತ್ತುವಾಗ ಹಿಂದಿನ ಚಕ್ರಕ್ಕೆ, ಹಿಂದೆ ಎತ್ತುವಾಗ ಮುಂದಿನ ಚಕ್ರಕ್ಕೆ ಅಡ್ಡಗಟ್ಟೆ ಇಡಿಸಿ. ಮಕ್ಕಳು ಆ ಕಡೆ ಸುಳಿಯದಿರಲಿ.

ಪಕ್ಕದಲ್ಲೇ ನಿಂತು ನೋಡಿ

* ಪ್ಯಾಡ್ ಒಂದೇ ಕಡೆ ಬದಲಾಯಿಸೋ ಹಾಗಿಲ್ಲ. ಎಡ, ಬಲ ಎರಡೂ ಜೋಡಿಯಾಗಿ ಆಗಬೇಕು. ಆದರೆ ಒಂದು ಕಡೆ ಮುಗಿದ ಮೇಲೇ ಇನ್ನೊಂದು ಕಡೆ ಬಿಚ್ಚಲಿ. ಜೋಡಿಸೋದು ಮರೆತರೆ ನೋಡಿಕೊಳ್ಳೋಕೆ ಒಂದು ಮಾದರಿ ಇರುತ್ತೆ.

* ಕ್ಯಾಲಿಪರನ್ನು ಅದರ ರಬ್ಬರ್ ಪೈಪಿನಲ್ಲಿ ಜೋತುಬಿಡಬಾರದು. ಒಂದು ತಂತಿಯಲ್ಲಿ ಮೇಲಕ್ಕೆ ಕಟ್ಟಿರಲಿ.

* ಕಪ್ಪು ಧೂಳನ್ನು ಬಾಯಲ್ಲಿ ಊದಬಾರದು. ಹಳೆಯ ಪ್ಯಾಡ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಬಿಸಾಕಿ.

* ಡಿಸ್ಕ್, ಪ್ಯಾಡ್ ಮೇಲೆ ಗ್ರೀಸು, ಎಣ್ಣೆಯ ಬೆರಳಚ್ಚೂ ಬೀಳಬಾರದು. ಬ್ರೇಕ್ ಎಣ್ಣೆ ಕಾರಿನ ಪೇಂಟಿಗೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ.

* ಹಳೆಯ ಪಾರ್ಟುಗಳನ್ನು ಕೇಳಿ ಇಸ್ಕೊಳ್ಳಿ. ನಿಜವಾಗಲೂ ಬದಲಾಯಿಸಿದ್ದಾರಾ ಅನ್ನೋದಕ್ಕೆ ಅದೇ ಸಾಕ್ಷಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಹೊಸ ಪ್ಯಾಡ್ ಹಾಕಿದ ಮೇಲೆ ಪೆಡಲ್ ಮೊದಲ ಸಲ ನೆಲದ ತನಕ ಹೋಗುತ್ತೆ, ಬ್ರೇಕೇ ಇರಲ್ಲ! ಕಾರು ಒಂದಡಿ ಕದಲುವ ಮೊದಲು, ಪೆಡಲ್ ಗಟ್ಟಿಯಾಗುವ ತನಕ ಹತ್ತಾರು ಸಲ ತುಳಿಯಲೇಬೇಕು. ಗಟ್ಟಿಯಾಗದಿದ್ದರೆ ಒಳಗೆ ಗಾಳಿ ಸೇರಿರಬಹುದು. ಅದನ್ನು ತೆಗೆಯೋ ತನಕ ಕಾರು ಹೊರಡೋದು ಬೇಡ. ಆಮೇಲೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ನಾಲ್ಕೈದು ಸಲ ಬ್ರೇಕ್ ಹಾಕಿ ನೋಡಿ. ಚಕ್ರದ ನಟ್‌ಗಳನ್ನು 50–100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿಸಿ. ಮಕ್ಕಳನ್ನು ಕೂರಿಸಿಕೊಳ್ಳೋದು ಇದೆಲ್ಲಾ ಆದ ಮೇಲೇ.

‘ನಿಮಗೆ ಇದೆಲ್ಲಾ ಅರ್ಥ ಆಗಲ್ಲ ಮೇಡಂ’ ಅಂತ ಮೆಕ್ಯಾನಿಕ್ ನಗಬಹುದು. ‘ಇನ್ನೊಂದು ತಿಂಗಳು ಓಡುತ್ತೆ ಬಿಡು’ ಅಂತ ಮನೆಯವರು ಅನ್ನಬಹುದು. ಆಗ ಸಂಕೋಚ ಬೇಡ. ‘ಪ್ಯಾಡ್ ಎಷ್ಟು ಮಿ.ಮೀ. ಉಳಿದಿದೆ, ತೋರಿಸಿ’ ಅಂತ ಕೇಳಿ. ಈ ಒಂದು ಪ್ರಶ್ನೆಗೆ ಎದುರಿನವರ ದನಿ ತಾನಾಗೇ ಬದಲಾಗುತ್ತೆ.

ಹಬ್ಬದ ಸೀರೆ ಮುಂದಿನ ತಿಂಗಳಿಗೆ ಹೋದರೂ ಪರವಾಗಿಲ್ಲ, ಸೋಫಾ ಕವರ್ ಇನ್ನೊಂದು ವರ್ಷ ಬಂದೀತು. ಬ್ರೇಕ್ ಮಾತ್ರ ಈ ವಾರವೇ ಆಗಲಿ. ಸ್ಕೂಲ್ ಗೇಟಿನ ಮುಂದೆ ಅಡ್ಡ ಓಡಿಬರೋ ಮಗು ಯಾರದ್ದಾದರೂ ಆಗಿರಬಹುದು, ಅಲ್ವಾ?