ಸೀಟು ಕೊಟ್ಟು ಕೈತೊಳೆದುಕೊಂಡರೆ ಆಯಿತೇ?

ಆದಿವಾಸಿ ಹಾಡಿಯ ಹುಡುಗಿಯೊಬ್ಬಳು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದರೆ ಸರ್ಕಾರ ಅದನ್ನು ತನ್ನ ಸಾಧನೆ ಎಂದು ಬರೆದುಕೊಳ್ಳುತ್ತದೆ. ಅವಳೇ ಎರಡನೇ ಸೆಮಿಸ್ಟರಿಗೆ ಗಂಟುಮೂಟೆ ಕಟ್ಟಿದರೆ ಕೇಳುವವರಿಲ್ಲ. ಇದು ಅಚಾತುರ್ಯವಲ್ಲ, ಹೊಣೆಗೇಡಿತನ.

2022ರಲ್ಲಿ ರಾಜ್ಯವು ಪರಿಶಿಷ್ಟ ಪಂಗಡದ ಮೀಸಲಾತಿಯನ್ನು ಶೇ 3ರಿಂದ 7ಕ್ಕೆ ಏರಿಸಿತು. ಆದರೆ ಪಟ್ಟಿಯಲ್ಲಿರುವ ಜೇನುಕುರುಬ, ಸೋಲಿಗ, ಕೊರಗರಂಥ ಸಣ್ಣ ಸಮುದಾಯಗಳಿಗೆ ಸೀಟು ಸಿಕ್ಕರೂ ಜತೆ ಸಿಗುವುದಿಲ್ಲ. 2011ರ ಜನಗಣತಿಯಂತೆ ರಾಜ್ಯದ ಕೊರಗರೇ 15 ಸಾವಿರದ ಆಸುಪಾಸು. ಇಂಥ ಸಮುದಾಯದಿಂದ ಬಂದವರು ಹಾಸ್ಟೆಲಿನಲ್ಲಿ ಬಹುತೇಕ ಒಬ್ಬಂಟಿ. ಕೊರಗರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು 2000ದ ಕಾಯ್ದೆ ನಿಷೇಧಿಸಿತು. ಜಾತಿ ಕೇಳಿದೊಡನೆ ಬದಲಾಗುವ ಮುಖಗಳನ್ನಲ್ಲ.

ತಡ್ವಿ ಭಿಲ್ ಸಮುದಾಯದ ಯುವ ವೈದ್ಯೆ ಪಾಯಲ್ ತಡ್ವಿ 2019ರಲ್ಲಿ ಮುಂಬೈಯಲ್ಲಿ ಜಾತಿ ಕಿರುಕುಳದ ಆರೋಪದ ನಡುವೆ ಸಾವಿಗೀಡಾದಾಗ, ಪ್ರತಿ ಸಂಸ್ಥೆಯಲ್ಲೂ ತಾರತಮ್ಯ ತಡೆ ಅಧಿಕಾರಿ ಇರಬೇಕೆಂಬ ಯುಜಿಸಿ ನಿಯಮಕ್ಕೆ 7 ವರ್ಷವಾಗಿತ್ತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಒಬ್ಬ ಆಪ್ತಸಮಾಲೋಚಕರನ್ನಾದರೂ ನೇಮಿಸಬೇಕೆಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಳ್ಳೆಯದೇ. ಆದರೆ ಮನೆಯವರು ಅರಣ್ಯ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿರುವಾಗ ಪರೀಕ್ಷೆ ಬರೆಯುವ ಹುಡುಗನ ಸಂಕಟ, ಹಾಡಿಯನ್ನೇ ಕಾಣದವರ ಒತ್ತಡ ನಿರ್ವಹಣೆಯ ಪಾಠಕ್ಕೆ ದಕ್ಕದು. ಸೋಲಿಗರ ಹುಡುಗ ರೊಟ್ಟಿ ಹಬ್ಬಕ್ಕೆ ತನ್ನ ಹಾಡಿಯಾದ ಪೋಡಿಗೆ ಹೋಗಿಬರುವುದು ಗೈರುಹಾಜರಿಯಲ್ಲ, ಬದುಕಿನ ಬೇರು ಎಂದು ವಿಭಾಗದ ಮುಖ್ಯಸ್ಥರಿಗೆ ತಿಳಿಹೇಳಲು ಅವನ ಪರವಾಗಿ ಒಬ್ಬರು ಬೇಕು. ಆ ಒಬ್ಬರು ಅವನ ಸಮುದಾಯದವರೇ ಆಗಬೇಕು.

ಇದು ಕನಸಲ್ಲ. ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನ ವಿಕ್ಟೋರಿಯಾ ವಿಶ್ವವಿದ್ಯಾಲಯದ ಆವರಣದಲ್ಲಿ ಮಾವೊರಿಗಳ ಸಮುದಾಯ ಭವನ 1986ರಿಂದಲೂ ಇದೆ. ಅಷ್ಟು ದೂರ ಯಾಕೆ, ನಾಗರಹೊಳೆಯಾಚೆಯ ವಯನಾಡಿನಲ್ಲಿ ಕೇರಳವು 2017ರಲ್ಲಿ ‘ಗೋತ್ರಬಂಧು’ ಯೋಜನೆಯಡಿ ಪ್ರಾಥಮಿಕ ಶಾಲೆಗಳಿಗೆ ಆದಿವಾಸಿ ಯುವಜನರನ್ನೇ ಮಾರ್ಗದರ್ಶಕ ಶಿಕ್ಷಕರಾಗಿ ನೇಮಿಸಿತು. ಅದು ಶಾಲೆಯ ಮಾತು, ನಿಜ. ಕಾಲೇಜು ಮುಟ್ಟಿದವರಿಗೆ ನಂಟು ಬೇಡವೆಂದು ಯಾರು ಹೇಳಿದರು?

‘ಅರ್ಹರು ಸಿಗುವುದಿಲ್ಲ’ ಎಂಬ ಹಳೆಯ ಪಲ್ಲವಿ ನಿಲ್ಲಲಿ. ಸೋಲಿಗರಲ್ಲಿ ಮೊದಲು ಪಿಎಚ್.ಡಿ. ಪಡೆದ ಸಿ. ಮಾದೇಗೌಡರಂಥವರು ನಮ್ಮ ನಡುವೆಯೇ ಇದ್ದಾರೆ. ಓದಿದವರ ಜತೆಗೆ ಹಾಡಿಯ ಯಜಮಾನರೂ ಬರಲಿ. ವಿಶ್ವ ಆದಿವಾಸಿ ದಿನವಾದ ಆಗಸ್ಟ್ 9ರಂದು ವೇದಿಕೆಯಲ್ಲಿ ಕುಣಿಸಿ, ಶಾಲು ಹೊದಿಸಿ ಕಳಿಸುವ ಕ್ರಮ ಸಾಕು. ಈ ಮಾರ್ಗದರ್ಶಕರನ್ನು ಗ್ರಾಮಸಭೆ ಆರಿಸಲಿ, ವಿಶ್ವವಿದ್ಯಾಲಯ ಸಂಬಳ ಕೊಡಲಿ. ಗೌರವಧನದ ಭಿಕ್ಷೆ ಬೇಡ. ಹಣಕ್ಕೆ 2013ರ ಕಾಯ್ದೆಯ ಗಿರಿಜನ ಉಪಯೋಜನೆ ಇದೆ. ಅದರ ಹಣವನ್ನು ಗ್ಯಾರಂಟಿ ಯೋಜನೆಗಳಿಗೆ ತಿರುಗಿಸಲು ತೋರಿದ ಚುರುಕನ್ನು ಸರ್ಕಾರ ಇಲ್ಲೂ ತೋರಲಿ.

ಮುಂದಿನ ಪ್ರವೇಶ ಪ್ರಕಟಣೆಗೆ ಮೊದಲೇ ನೇಮಕದ ಆದೇಶ ಹೊರಬೀಳಬೇಕು. ಯಾವ ಪಂಗಡದವರು ಎಷ್ಟು ಮಂದಿ ಓದು ಬಿಟ್ಟರು, ಏಕೆ ಬಿಟ್ಟರು ಎಂಬುದಕ್ಕೆ ಕುಲಪತಿಗಳು ವರ್ಷಕ್ಕೊಮ್ಮೆ ವಿಧಾನಮಂಡಲದ ಸಮಿತಿಯ ಮುಂದೆ ಲಿಖಿತ ಉತ್ತರ ಕೊಡಬೇಕು.